ಗೋಕರ್ಣದ ತುಕ್ಕು

ಕೊಡೆ ರಿಪೇರಿ ಸಾಬರು ಇವತ್ತು ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಕೂತು ನನ್ನ ಕೊಡೆ ಬಿಚ್ಚಿದರು. "ಬಟ್ಟೆ ಹಾಕ್ಕೊಡ್ತೀನಿ ಮೇಷ್ಟ್ರೆ. ಆದ್ರೆ ಈ ದಂಡ ಬದ್ಲಾಯಿಸ್ಬುಡಿ. ಮೊನೆಯಿಂದ ಒಂದು ಗೇಣು ತುಕ್ಕು ತಿಂದೈತೆ," ಎಂದರು. ಸೀಮೆಎಣ್ಣೆ ಹಾಕಿ ಉಜ್ಜಿದರೆ ಹೋದೀತೆಂದು ನಾನೊಂದು ಬಟ್ಟಲು ತಂದಿಟ್ಟೆ. ಮಧುಗಿರಿಯಲ್ಲಿ ಕೊಡೆಗೆ ತುಕ್ಕು ಹಿಡಿಯುವಷ್ಟು ಮಳೆ ಎಲ್ಲಿದೆ ಎಂದು ನೀವು ಕೇಳಬಹುದು. ಇದು ಮಳೆಯ ತುಕ್ಕಲ್ಲ, ಗೋಕರ್ಣದ್ದು.

ಆಗ ನನಗೆ ಮದುವೆಯಾಗಿ ನಾಲ್ಕು ವರ್ಷ. ಹೆಂಡತಿ ಸಿದ್ದಗಂಗಮ್ಮ ಹುಲಿಕುಂಟೆ ಕಡೆಯ ನೀರುಗಂಟಿಯ ಮಗಳು. ಕೆರೆ ತುಂಬಿದ ಮೇಲೆ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ನೀರೆಂದು ಹಂಚುವುದು ನನ್ನ ಮಾವನ ಕೆಲಸ. ನೀರಿನ ಅಂಚಿಗೆ ಬಿದಿರುಕೋಲು ನೆಟ್ಟು, ಮಟ್ಟ ಇಳಿದಷ್ಟಕ್ಕೂ ಕುಡುಗೋಲಿನಲ್ಲಿ ಗುರುತು ಕೊಯ್ಯುತ್ತಿದ್ದ. ಮಗಳು ಅವನ ಬೆನ್ನಿಗೇ ಓಡಾಡಿ ಬೆಳೆದವಳು. ನಮ್ಮ ಮನೆಗೆ ಬಂದಾಗ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು. ಆ ಬೇಸಿಗೆಯಲ್ಲಿ ಮಾವ ತೀರಿಕೊಂಡ. ಮಾತು ನಿಂತುಹೋಯಿತು. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೆ. ನನಗೆ ಮನೆಗೆ ಹೋಗಲೇ ಬೇಸರವಾಗುತ್ತಿತ್ತು.

ಗಂಡ ಹೆಂಡತಿ ಇಬ್ಬರೇ ಊರು ಸುತ್ತುವುದೆಂದರೆ ಆ ಕಾಲದಲ್ಲಿ ಜನ ನಗುತ್ತಿದ್ದರು. ಅಮ್ಮನೇ ಒಂದು ನೆಪ ಹುಡುಕಿಕೊಟ್ಟಳು. "ಗೋಕರ್ಣದ ಹರಕೆ ಬಾಕಿ ಐತೆ ಅಂತ ಯೋಳು. ಹೆಂಗಾದ್ರೂ ಇವಳ ಬಾಯಿ ಬಿಡಿಸ್ಕೊಂಡು ಬಾರ್ಲಾ," ಎಂದಳು.

ಮಳೆಗಾಲ ಮುಗಿದ ಮೇಲೆ ಶಿರಾದಿಂದ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಇವಳು ಕಿಟಕಿಗೆ ಕೆನ್ನೆಯೊತ್ತಿ ಕೂತಳು. ಕೆರೆ ಕಂಡಾಗ ಮಾತ್ರ, ನೀರು ಎಷ್ಟಿದೆಯೆಂದು, ತುಟಿ ಅಲುಗುತ್ತಿತ್ತು: "ಮುಕ್ಕಾಲು." ಮತ್ತೊಂದು ಊರು ಕಳೆದ ಮೇಲೆ, "ಕಾಲು." ಹರಿಹರದ ಸೇತುವೆಯಲ್ಲಿ ಮಹಾರಾಜರ ಸೀಮೆ ದಾಟಿದ್ದನ್ನು ನಾನು ಭಾಷಣದಂತೆ ವಿವರಿಸಿದೆ, ಪಕ್ಕದ ಸೀಟಿನವನು ಕೇಳಿದ, ಇವಳು ಕೇಳಲಿಲ್ಲ. ಶಿರಸಿ ಕಳೆದು ಘಟ್ಟ ಇಳಿಯುವಾಗ ಹಸಿರು ಎರಡೂ ಕಡೆ ಬಸ್ಸಿನೊಳಕ್ಕೇ ನುಗ್ಗಿತು. ಅಂಥ ಸೊಬಗನ್ನು ತೋರಿಸಲು ಕರೆತಂದ ನಾನು ಪ್ರತಿ ತಿರುವಿಗೂ ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸುತ್ತಿದ್ದೆ.

ಗೋಕರ್ಣದಲ್ಲಿ ಬೆಳಿಗ್ಗೆ ಮೊದಲು ಸಮುದ್ರಸ್ನಾನ, ಆಮೇಲೆ ದರ್ಶನ. ಮಿಂದು ಬಂದವಳು ನನ್ನ ಕೈಯಿಂದ ಕೊಡೆ ತೆಗೆದುಕೊಂಡು, ಬಂಡೆಯ ಮರೆಯಲ್ಲಿ ಅಲೆ ಬಡಿಯದ ಕಡೆ ನೀರಿನಲ್ಲಿ ನೆಟ್ಟಳು. ತಲೆ ಒರೆಸಿಕೊಳ್ಳುವ ಹೊತ್ತಿಗೆ ಕೊಡೆ ಬರೀ ಮರಳಿನಲ್ಲಿ ನಿಂತಿತ್ತು. ಅವಳ ಮುಖ ಬಿಳುಚಿಕೊಂಡಿತು. ಬಲೆ ಒಣಗಿಸುತ್ತಿದ್ದ ಹೆಂಗಸಿನ ಬಳಿ ಓಡಿದಳು.

"ಅಕ್ಕಾ, ಊರೋರ್ನ ಕೂಗು. ಇಷ್ಟು ಬಿರ್ನೆ ನೀರು ಇಳೀತೈತೆ ಅಂದ್ರೆ ಎಲ್ಲೋ ಕೆರೆ ಏರಿ ಒಡ್ದೈತೆ."

"ಒಡೆಯೂಕೆ ಏರಿ ಎಲ್ಲದೆ ತಂಗಿ? ಸಂಜಿಗೆ ತಿರಗಿ ಬತ್ತದೆ," ಎಂದಳು ಆಕೆ, ಬಲೆಯಿಂದ ಕಣ್ಣೆತ್ತದೆ.

ವರ್ಷ ವರ್ಷವೂ ಮಕ್ಕಳಿಗೆ ಉಬ್ಬರವಿಳಿತದ ಪಾಠ ಮಾಡಿದ ನಾನು ಇದೇ ಸಮಯವೆಂದು, ಚಂದ್ರನ ಸೆಳೆತದಿಂದ ಹೀಗಾಗುತ್ತದೆ ಎಂದೆ. "ಹಗಲೊತ್ನಾಗೆ ಚಂದ್ರ ಎಲ್ಲವ್ನೆ?" ಎಂದಳು. ನಾನೂ ಸಮುದ್ರ ನೋಡಿದ್ದು ಅದೇ ಮೊದಲು, ತಲೆಯೆತ್ತಿ ಆಕಾಶದಲ್ಲಿ ಹುಡುಕಿದೆ.

ಪೂಜೆಯ ಹೊತ್ತು ಮೀರುತ್ತಿದೆ ಎಂದರೂ ಅವಳು ಕದಲಲಿಲ್ಲ. "ನೀವು ಹೋಗ್ಬುಡಿ. ಹೋದ ನೀರು ಬರಾದು ಕಾಣೋವರ್ಗೂ ನಾನು ಏಳಾಕಿಲ್ಲ." ಹೋಗಲು ಮನಸ್ಸಾಗಲಿಲ್ಲ. ಅವಲಕ್ಕಿ ಬುತ್ತಿ ಬಿಚ್ಚಿ, ಬಂಡೆಯ ನೆರಳು ಸರಿದ ಹಾಗೆ ಸರಿಯುತ್ತಾ ಇಬ್ಬರೂ ಕೂತೆವು. ನೀರು ಬರದೆ ಹೋದರೆ ಇವಳು ಇನ್ನೆಂದೂ ಬಾಯಿ ಬಿಡುವುದಿಲ್ಲವೇನೋ ಎಂಬ ಭಯ ನನಗೆ ಹತ್ತಿಕೊಂಡಿತು. ಪಾಠದಲ್ಲಿ ಓದಿದ್ದೆಲ್ಲ ಆ ಹೊತ್ತಿಗೆ ಮರೆತೇಹೋಗಿತ್ತು.

ಮಧ್ಯಾಹ್ನ ತಿರುಗಿದ ಮೇಲೆ ಒಂದು ಅಲೆ ಮುಂದೆ ಬಂತು, ಇನ್ನೊಂದು ಅದಕ್ಕಿಂತ ಮುಂದೆ. ದೀಪ ಹಚ್ಚುವ ಹೊತ್ತಿಗೆ ನೀರು ಕೊಡೆಯ ಮೊನೆ ಮುಚ್ಚಿ, ಬೆಳಗಿನ ಮಟ್ಟ ದಾಟಿ, ಗೇಣುದ್ದ ಏರಿ ನಿಂತಿತು. ಇವಳು ಸೀರೆ ನೆನೆಯುವುದನ್ನೂ ಲೆಕ್ಕಿಸದೆ ಕೊಡೆಯ ಹಿಡಿಕೆ ಹಿಡಿದು ನಿಂತಿದ್ದಳು. "ಮಳೆ ಇಲ್ದೆ ಬಂದ್ಬುಡ್ತಲ್ರೀ," ಎಂದು ನಕ್ಕಳು. ನಗುತ್ತಲೇ ಅತ್ತಳು. ಮಾವ ಸತ್ತಾಗಲೂ ಅತ್ತಿರದವಳು. ವಾಪಸ್ಸು ಬರುವಾಗ ಶಿರಾ ಮುಟ್ಟುವವರೆಗೂ ಅಪ್ಪನ ಮಾತೇ. ಆ ಮಾತು ಇಂದಿಗೂ ನಿಂತಿಲ್ಲ. ಒಮ್ಮೊಮ್ಮೆ ಪೇಪರು ಓದಲೂ ಬಿಡುವುದಿಲ್ಲ, ಆದರೂ ನಾನು ಸುಖವಾಗಿದ್ದೇನೆ.

ಇಷ್ಟು ನೆನೆಯುತ್ತಾ ಬಟ್ಟೆಚೂರು ಸೀಮೆಎಣ್ಣೆಗೆ ಅದ್ದಿದ್ದೆ. ಇವಳು ಒಳಗಿನಿಂದ ಬಂದು ನನ್ನ ಕೈ ಹಿಡಿದಳು. ತುಕ್ಕು ಮುಗಿಯುವಲ್ಲಿ ಹೆಬ್ಬೆರಳಿಟ್ಟಳು.

"ಉಜ್ಜಬೇಡಿ. ಅಪ್ಪನ ಕೋಲ್ನಾಗೆ ಇದ್ದವೆಲ್ಲ ಇಳಿದ ಗುರುತು. ಏರಿದ ಗುರುತು ಅಂತ ನನ್ತಾವ ಇರಾದು ಇದೊಂದೇ ಕಣ್ರೀ."

ಸಾಬರು ಹಳೆಯ ದಂಡಕ್ಕೇ ಹೊಸ ಬಟ್ಟೆ ಹೊಲಿಯತೊಡಗಿದರು. ನಾನು ಸೀಮೆಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ.