ಆಯಿ ಕಂಡ ಲವಣ ಸಮುದ್ರ

ನಮ್ಮ ಆಯಿಯ ಎಡಗಣ್ಣು ಕಾಸಿ ಆರಿಸಿದ ಹಾಲಿನ ಕೆನೆಯಂತೆ ಬೆಳ್ಳಗಿತ್ತು. ಏನನ್ನೇ ನೋಡಲಿ, ಕೋಳಿಯಂತೆ ಕತ್ತು ಓರೆ ಮಾಡಿ ಬಲಗಣ್ಣಿನಿಂದಲೇ ನೋಡುತ್ತಿದ್ದಳು. ಜಮಖಂಡಿಯ ನಮ್ಮ ಮನೆಯ ಮುಂದೆ ನಸುಕಿನಲ್ಲಿ ಬಂದು ನಿಂತ ಬಾಡಿಗೆ ಮೋಟಾರನ್ನೂ ಹಾಗೆಯೇ ಮೂತಿಯಿಂದ ಬಾಲದವರೆಗೆ ನೋಡಿ, "ಇದಕ್ಕ ನೀರು ಕುಡಿಸೀರಿಲ್ಲೋ?" ಎಂದು ಕೇಳಿದಳು.

"ಕುಡಿಸೇನ್ರಿ ಆಯಿ, ಹೊಟ್ಟಿ ತುಂಬ," ಎಂದ ಡ್ರೈವರ್ ಮಾಮಾ. ಅವನು ಮುಧೋಳದ ಮುಸಲ್ಮಾನ, ಮಾತಿಗೆ ಮಾತು ಕೊಡುವವ. ಅವನ ಪಕ್ಕಕ್ಕೆ ಅಪ್ಪ, ಹಿಂದೆ ಆಯಿ, ಅವ್ವ, ನಡುವೆ ಸಣ್ಣ ಹುಡುಗಿ ನಾನು. ಕಾಲಬುಡಕ್ಕೆ ರೊಟ್ಟಿ ಗಂಟು, ತಾಮ್ರದ ಬಿಂದಿಗೆ, ಹಗ್ಗ. ಇಷ್ಟೇ ನಮ್ಮ ದಂಡು.

ಆಯಿ ಅಂದರೆ ನಮ್ಮ ಅಪ್ಪನ ತಾಯಿ. ತೇರದಾಳದ ಜೈನರ ಮನೆಯ ಮಗಳು. ಸಣ್ಣಂದಿನಿಂದ ಬಸದಿಯಲ್ಲಿ ಪುರಾಣ ಕೇಳಿ ಬೆಳೆದವಳು. ನಾವಿರುವ ಜಂಬೂದ್ವೀಪ ತಾಟಿನಂತೆ ದುಂಡಗಿದೆ, ಅದರ ಸುತ್ತ ಲವಣ ಸಮುದ್ರವಿದೆ, ಅದರಾಚೆ ಧಾತಕೀಖಂಡವಿದೆ ಎಂದು ಅಕ್ಕಿ ಕಾಳಿನಿಂದ ನೆಲದ ಮೇಲೆ ಸುತ್ತು ಸುತ್ತಾಗಿ ಬರೆದು ತೋರಿಸುತ್ತಿದ್ದಳು. ಮಿರಜಿನ ಡಾಕ್ಟರು "ಕಣ್ಣಿನ ನರ ಒಣಗಾಕತ್ತಾವ, ಬಲಗಣ್ಣೂ ಬಹಳ ದಿನ ಬರೂದಿಲ್ಲ" ಎಂದಾಗ ಅವಳು ಅಳಲಿಲ್ಲ. ಮಗನ ಕಡೆ ಕತ್ತು ಓರೆ ಮಾಡಿ, "ಹಂಗಾರ ಅದು ಹೋಗೂದ್ರಾಗ ಒಮ್ಮಿ ಲವಣ ಸಮುದ್ರ ತೋರಸಪಾ" ಎಂದಳು. ಅಪ್ಪ ಸಂಸ್ಥಾನದ ಕಚೇರಿಯಲ್ಲಿ ಕಾರಕೂನ. ರಜೆಗಾಗಿ ಯಾರ‍್ಯಾರ ಬಾಗಿಲು ಕಾದನೋ, ಅಂತೂ ಸಿಕ್ಕಿತು.

ಲೆಕ್ಕ ಸರಳವಿತ್ತು. ಮೊದಲ ರಾತ್ರಿ ಧಾರವಾಡದ ಬೀಗರ ಮನೆ. ಮರುದಿನ ಯಲ್ಲಾಪುರದ ಕಾಡು ಇಳಿದು ಇಳಿಹೊತ್ತಿಗೆ ಅಂಕೋಲೆಯ ಕಡಲು. ಹೊತ್ತು ಮುಳುಗುವ ತನಕ ಆಯಿ ಕಣ್ತುಂಬ ನೋಡಬೇಕು. ಮಾರನೆಯ ಮುಂಜಾನೆಯೇ ಹೊರಡಬೇಕು; ಮೋಟಾರು ಮುಧೋಳದ ಒಂದು ಮದುವೆಯ ದಿಬ್ಬಣಕ್ಕೆ ಗೊತ್ತುಮಾಡಿ ಆಗಿತ್ತು.

ಆ ಕಾಡು ನನಗೆ ಈಗಲೂ ಅರ್ಧ ಕನಸು. ನಮ್ಮ ಸೀಮೆಯಲ್ಲಿ ಆಕಾಶವೇ ಹೆಚ್ಚು. ಅಲ್ಲಿ ಆಕಾಶವೇ ಇಲ್ಲ. ಹಸುರು ನೆರಳಿನೊಳಗೆ ಮೋಟಾರು ನೀರಲ್ಲಿ ಮುಳುಗಿದ ಹಾಗೆ ಸಾಗುತ್ತಿತ್ತು. ಮೇಲೆಲ್ಲೋ ದೊಡ್ಡ ಕೊಕ್ಕಿನ ಹಕ್ಕಿಯೊಂದು ಬುಸ್ ಬುಸ್ ಎಂದು ರೆಕ್ಕೆ ಬಡಿದು ಹೋಯಿತು.

ದಾರಿಬದಿಯ ಬಾವಿಯೊಂದರ ಹತ್ತಿರ ರೊಟ್ಟಿ ಬಿಚ್ಚಿದೆವು. ಅವ್ವ ನೀರು ಸೇದಿ ಎರಡು ಪದರಿನ ಅರಿವೆಯಲ್ಲಿ ಸೋಸಿದಳು. ನಮ್ಮಲ್ಲಿ ಹಾಗೆ ಸೋಸಿದ ಮೇಲೆ ಕೆಲಸ ಮುಗಿಯುವುದಿಲ್ಲ. ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು, ಸೋಸಿದ ನೀರಿನಿಂದಲೇ ತೊಳೆದು, ತಿರುಗಿ ಅದೇ ಬಾವಿಗೆ ಬಿಡಬೇಕು. ಅವ್ವ ಇನ್ನೂ ಬಿಟ್ಟಿರಲಿಲ್ಲ, ಡ್ರೈವರ್ ಮಾಮಾ ಓಡಿ ಬಂದ. "ಕಾಡಕೋಣ ಬಂದಾವ್ರೀ, ಹತ್ರಿ, ಹತ್ರಿ!" ಅವ್ವ ಅರಿವೆಯನ್ನು ಬಿಂದಿಗೆಗೆ ತುರುಕಿ ಹತ್ತಿದಳು.

ಬಹಳ ದೂರ ಬಂದ ಮೇಲೆ ಆಯಿ ಕೇಳಿದಳು: "ಏ ಮಗಳ, ಅರಿವಿ ತೊಳದು ಬಿಟ್ಟೀಯಿಲ್ಲೋ?"

ಅವ್ವ ಬಿಂದಿಗೆಯನ್ನು ಸೆರಗಿನಿಂದ ಮುಚ್ಚಿದಳು. ಆಯಿಗೆ ಅಷ್ಟು ಸಾಕಾಯಿತು. "ತಮ್ಮಾ, ಮೋಟಾರು ತಿರುವಪಾ."

"ಮುಂದ ಹಳ್ಳ ಬರತೈತಿ, ಅಲ್ಲೆ ಬಿಡೂಣವ್ವಾ," ಎಂದ ಅಪ್ಪ.

"ನಿನ್ನ ಮಗಳನ್ನ ಇಲ್ಲೇ ಯಾವುದಾರ ಊರಾಗ ಬಿಟ್ಟು ಹೋಗೂಣೇನು? ಸಣ್ಣದಕ್ಕೂ ಒಂದು ಊರು ಇರತೈತೋ."

"ಹೊತ್ತು ಮುಳುಗತೈತಿ. ನಿನಗ ಕತ್ತಲದಾಗ ಏನೂ ಕಾಣೂದಿಲ್ಲ. ಇರೂದು ಇದೊಂದ ಸಂಜಿ!"

"ಗೊತ್ತೈತಿ," ಎಂದಳು ಆಯಿ. "ತಿರುವು."

ತಿರುಗಿ ಬಂದರೆ ಕಾಡುಕೋಣಗಳು ಬಾವಿಯ ಬದಿಯಲ್ಲೇ ಇದ್ದವು. ಗಾಡಿಯ ಎತ್ತುಗಳಿಗೆಂದು ಕಟ್ಟಿದ ಕಲ್ಲಿನ ದೋಣಿಯಲ್ಲಿ ಕರೀ ಬಂಡೆಗಳೇ ಬಾಗಿ ನೀರು ಕುಡಿದಂತೆ. ಕಾಲಿಗೆ ಮಾತ್ರ ಬಿಳಿ ಕಾಲುಚೀಲ. ಡ್ರೈವರ್ ಮಾಮಾ ಹಾರನ್ನಿಗೆ ಕೈ ಹಾಕಿದ. ಆಯಿ ಅವನ ಹೆಗಲು ಹಿಡಿದಳು. "ಬ್ಯಾಡಪಾ. ಅವಕ್ಕೂ ನೀರಡಿಸೈತಿ."

"ಆಯಿ, ಅವು ಬಂದು ಹಾಯ್ದ್ರ ಮದುವಿ ಮೋಟಾರು ಮಸಣಕ್ಕ ಹೋಗತೈತ್ರಿ!"

"ಹಂಗಾರ ಮೆಲ್ಲಕ ಮಾತಾಡು."

ಅವು ಕುಡಿದವು, ನಿಂತವು, ನಮ್ಮನ್ನು ನೋಡಿದವು, ಮತ್ತೆ ಕುಡಿದವು. ಮರದ ಸಂದಿಯ ಬಿಸಿಲು ಕೆಂಪಾಗುತ್ತಾ ಹೋಯಿತು. ಕೊನೆಗೊಮ್ಮೆ ಅವು ಕಾಡಿನೊಳಗೆ ಕರಗಿದ ಮೇಲೆ ಆಯಿ ತಾನೇ ಇಳಿದು, ತಡವರಿಸುತ್ತಾ ಹೋಗಿ, ಅರಿವೆ ತೊಳೆದು ಬಾವಿಗೆ ಬಿಟ್ಟು ಬಂದಳು.

ಅಂಕೋಲೆ ಮುಟ್ಟಿದಾಗ ಕತ್ತಲಾಗಿತ್ತು. ಹೊತ್ತು ಮುಳುಗಿದ ಮೇಲೆ ಆಯಿ ತುತ್ತು ಮುಟ್ಟುವವಳಲ್ಲ, ಹಸಿದೇ ಮಲಗಿದಳು. ಅಪ್ಪ ಅವಳ ಕೂಡ ಮಾತೇ ಆಡಲಿಲ್ಲ.

ಮುಂಜಾನೆ ದಂಡೆಗೆ ಹೋದರೆ ಬರೀ ಮಂಜು. ಸಪ್ಪಳವಿದೆ, ಸಮುದ್ರವಿಲ್ಲ. ಅದೂ ಸಾಲದೆಂಬಂತೆ ಉಸುಕಿನ ತುಂಬ ಉಗುರಿನಷ್ಟು ಸಣ್ಣ ಏಡಿಗಳು. ಆಯಿ ಒಂದು ಕಾಲು ಎತ್ತಿಕೊಂಡು ಕೊಕ್ಕರೆಯಂತೆ ನಿಂತುಬಿಟ್ಟಳು. "ಕಾಲ ಎಲ್ಲಿ ಇಡ್ಲಿ ಬೇ?"

"ಇಡು ಆಯಿ, ಅವು ಸರೀತಾವ," ಎಂದು ನಾನು ಕೈ ಹಿಡಿದೆ. ಅವಳು ಹೆದರುತ್ತ ಇಟ್ಟಳು. ಏಡಿಗಳು ಎರಡೂ ಕಡೆ ಸರಿದು ಹಾದಿ ಮಾಡಿದವು. ಇನ್ನೊಂದು ಹೆಜ್ಜೆ, ಇನ್ನಷ್ಟು ಹಾದಿ. ಹೀಗೆ ನಡೆದು, ಕಾಣದ ನೀರು ಪಾದಕ್ಕೆ ತಾಕಿದಾಗ, ಬೊಗಸೆಯಿಂದ ತುಟಿಗೆ ಹಚ್ಚಿಕೊಂಡು, "ಖರೇನ ಉಪ್ಪೈತಿ!" ಎಂದು ನಕ್ಕಳು. ಪುರಾಣ ಹೇಳಿದವರು ಸುಳ್ಳಾಡಿರಲಿಲ್ಲವೆಂಬ ಸಮಾಧಾನ ಆ ನಗೆಯಲ್ಲಿತ್ತು.

ಮಂಜು ಸರಿಯಲಿಲ್ಲ. ಡ್ರೈವರ್ ಮಾಮಾ ದೂರದಿಂದ ಹಾರನ್ನು ಒತ್ತಿದ. ಆಯಿ ನನ್ನ ಕೈ ಹಿಡಿದು ತಿರುಗಿದಳು. ಆಗ ಅಪ್ಪ, ನಿನ್ನೆಯಿಂದ ಬಾಯಿ ಬಿಡದಿದ್ದವ, ಮೋಟಾರಿನ ಹತ್ತಿರ ಹೋಗಿ ಅಂದ: "ಗುಡ್ಡದ ಆಚಿ ಇನ್ನೊಂದು ದಂಡಿ ಐತಂತ. ಅಲ್ಲಿ ಹೊಡಿ."

"ದಿಬ್ಬಣ, ಸಾಹೇಬ್ರ?"

"ಮದುಮಗ ಎಲ್ಲಿ ಓಡಿ ಹೋಗತಾನೋ? ಕಾಯ್ತಾನ."

ಗುಡ್ಡ ಏರಿದೆವು. ನೆತ್ತಿಗೆ ಬರುವಷ್ಟರಲ್ಲಿ ಬಿಸಿಲು ಬಿತ್ತು, ಮಂಜು ಹಿಂಜಿದ ಅರಳೆಯಂತೆ ಹರಿಯಿತು, ಕೆಳಗೆ ಕಡಲು ಬಿಚ್ಚಿಕೊಂಡಿತು. ಅಷ್ಟು ನೀಲಿಯನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ನೀರಿನಿಂದ ಕಪ್ಪು ಬೆನ್ನುಗಳು ಮೇಲೆದ್ದು ಬಾಗಿ ಮುಳುಗುತ್ತಿದ್ದವು. ಅಲ್ಲಿಯ ಮೀನುಗಾರನೊಬ್ಬ ಹಂದಿಮೀನು ಎಂದ. ಆಯಿ ಕತ್ತು ಓರೆ ಮಾಡಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಅವಸರವಿಲ್ಲದೆ ನೋಡಿದಳು.

"ಆಚಿ ದಂಡಿ ಕಾಣೂದಿಲ್ಲಲ್ಲ?"

"ಆಚಿ ನಮ್ಮ ಮಕ್ಕಾ ಐತಂತ್ರಿ ಆಯಿ," ಎಂದ ಡ್ರೈವರ್ ಮಾಮಾ.

ಆಯಿ ಇನ್ನೊಮ್ಮೆ ಕತ್ತು ಓರೆ ಮಾಡಿದಳು. "ಹೌದೇನು? ಹಂಗಾರ ಧಾತಕೀಖಂಡ ಅದರ ಹಿಂದ ಇರಬೇಕು ಬಿಡಪಾ."

ಅಪ್ಪ ನಕ್ಕುಬಿಟ್ಟ. ತಾಯಿಯ ಸೆರಗು ಗಾಳಿಗೆ ಹಾರದಂತೆ ಹಿಡಿದುಕೊಂಡು ಅವಳ ಮಗ್ಗುಲಲ್ಲೇ ನಿಂತ. ಸಾಕೆಂದು ಅವಳೇ ಹೇಳುವ ತನಕ ಯಾರೂ ಅಲುಗಲಿಲ್ಲ.

ಆಯಿ ಸಂಸ್ಥಾನ ವಿಲೀನವಾಗುವ ತನಕ ಬಾಳಿದಳು. ನೆಲ ನೋಡಿ ನಡೆಯುವುದನ್ನು ನಾನು ಕಲಿತದ್ದು ಅವಳಿಂದಲೇ. ಆದರೆ ಅವಳ ಕಣ್ಣು ಆ ವರ್ಷದ ಮಳೆಗಾಲ ದಾಟಲಿಲ್ಲ. ಶ್ರಾವಣದ ಒಂದು ದಿನ, ಅಂಗಳದಲ್ಲಿ ಚೊಕ್ಕ ಬಿಸಿಲು ಬಿದ್ದಿತ್ತು, ಆಯಿ ಜಪದಿಂದೆದ್ದು, "ಇನ್ನೂ ದೀಪಾ ಹಚ್ಚಿಲ್ಲೇನ ಬೇ?" ಎಂದು ಕೇಳಿದಳು. ಅವ್ವ ನನ್ನ ಮುಖ ನೋಡಿದಳು. ಆಮೇಲೆ ಸಪ್ಪಳವಿಲ್ಲದೆ ಒಳಗೆ ಹೋಗಿ, ದೀಪ ಹಚ್ಚಿ ತಂದು ಅವಳ ಮುಂದಿಟ್ಟು, "ಈಗ ಹಚ್ಚೇನ್ರಿ ಅತ್ತಿ" ಎಂದಳು.

ಆಯಿ ಅದರ ಬಿಸಿಗೆ ಅಂಗೈ ಚಾಚಿ ಹಿಡಿದಳು. ಆಮೇಲೆ ಅದೇ ಅಂಗೈಯನ್ನು ಅಂಗಳದ ಬಿಸಿಲಿಗೂ ಚಾಚಿ, "ಆತು ಬಿಡು. ಹಗಲಾಗೈತಿ, ಆರಿಸು" ಎಂದಳು.