ಮುಂದಿನ ಗಾಲಿಯ ಹಲ್ಲು

ಮುಂದಿನ ಗಾಲಿಗೂ ಹಲ್ಲಿನ ಟೈರೇ ಬೇಕು ಅಂತ ಹಟ ಹಿಡಿದವನು ನಾನೇ. ಯಾರೂ ನನ್ನ ತಲೆ ಕೆಡಿಸಲಿಲ್ಲ. ಬೇಡ ಅಂದವರು ಇದ್ದರು.

ನಾನು ಓದಿದ್ದು ನಾಲ್ಕನೇ ಇಯತ್ತೆ. ನಮ್ಮದು ಕುರಿ ಕಾಯುವ ಮನೆತನ. ನಾನು ಮಾತ್ರ ಕೋಲು ಬಿಟ್ಟು ವಿಜಾಪುರಕ್ಕೆ ಬಂದು ಒಬ್ಬ ಉಣ್ಣೆ ಸಾವುಕಾರರ ಹತ್ತಿರ ಕೆಲಸಕ್ಕೆ ನಿಂತೆ. ಫಟಫಟಿ, ಅಂದರೆ ಮೋಟರ್‌ಸೈಕಲ್ಲು, ಅವರದು, ಓಡಿಸುವವನು ನಾನು. ಒಂದು ದಿನ ಬಬಲೇಶ್ವರದ ಕಡೆ, ಒಂದು ದಿನ ತಿಕೋಟಾ ಕಡೆ. ಹಟ್ಟಿ ಹಟ್ಟಿಗೆ ಹೋಗಿ ಉಣ್ಣೆ ಕೊಂಡು, ಗಂಟು ಕಟ್ಟಿ, ಹಿಂದೆ ಹೇರಿಕೊಂಡು ಬರುವುದು. ತಿಕೋಟಾ ತನಕ ಡಾಂಬರು. ಅದು ದಾಟಿದರೆ ಎರೆ ಹೊಲದ ನಡುವೆ ಬಂಡಿ ದಾರಿ. ಒಣಗಿದ್ದಾಗ ಕಲ್ಲಿನಂಥ ನೆಲ, ಮಳೆಯಾದರೆ ಅಂಟು.

ಎಪ್ಪತ್ತನಾಲ್ಕರ ಮಳೆಗಾಲ ಶುರುವಾಗುವ ಹೊತ್ತಿಗೆ ಗಾಡಿಯ ಎರಡೂ ಟೈರು ಬೋಳಾಗಿದ್ದವು. ಹಿಂದಿನ ವರ್ಷ ಬಬಲೇಶ್ವರದ ಸಂತೆಯ ಬಾಯಲ್ಲಿ ಕೆಸರಿಗೆ ಜಾರಿ, ಉಣ್ಣೆ ಗಂಟಿನ ಸಮೇತ ಬಿದ್ದಿದ್ದೆ. ಸಂತೆಗೆ ಸಂತೆಯೇ ನಕ್ಕಿತ್ತು. ಅದು ನನ್ನ ಹೊಟ್ಟೆಯಲ್ಲಿ ಕೂತಿತ್ತು.

ಸೊಲ್ಲಾಪುರ ರಸ್ತೆಯ ಟೈರಿನ ಅಂಗಡಿಗೆ ಸಾವುಕಾರರೇ ಕರೆದುಕೊಂಡು ಹೋದರು. ಆಗ ಟೈರು ಸಿಗುವುದೇ ಕಷ್ಟ. ಒಮ್ಮೆ ಹಾಕಿಸಿದರೆ ಎರಡು ವರ್ಷ ಈ ಮಾತು ಎತ್ತಬೇಡ ಅಂತ ದಾರಿಯಲ್ಲೇ ಹೇಳಿದ್ದರು. ಅಂಗಡಿಯವನು ಎರಡು ಥರದ್ದು ಇಟ್ಟ. ಒಂದರ ಮೈಮೇಲೆ ಉದ್ದುದ್ದ ಗೆರೆ, ಅದು ಡಾಂಬರಿಗೆ. ಇನ್ನೊಂದರ ಮೇಲೆ ಬಿಡಿ ಬಿಡಿ ದಪ್ಪ ಹಲ್ಲು, ಅದು ಹೊಲದ ದಾರಿಗೆ.

"ನಿನ್ನ ದಾರಿ ಅರ್ಧಾ ಡಾಂಬರ, ಅರ್ಧಾ ಮಣ್ಣ," ಅಂದ ಅಂಗಡಿಯವನು. "ಮುಂದ ಗೆರಿದು ಹಾಕ್ಸು, ಹಿಂದ ಹಲ್ಲಿಂದು ಹಾಕ್ಸು. ನೂಕೂದು ಹಿಂದಿನ ಗಾಲಿ. ಮುಂದಿಂದು ಬರೇ ದಾರಿ ತೋರಸ್ತೈತಿ."

"ಎರಡೂ ಹಲ್ಲಿಂದ ಬೇಕ್ರಿ. ಮ್ಯಾಲಿನ ದವಡಿಗೆ ಹಲ್ಲ ಇಲ್ಲಂದ್ರ ಊಟಾ ಹೆಂಗ ಮಾಡ್ತೀರಿ?"

"ನೀ ಊಟಾ ಮಾಡಾಂವ ಅಲ್ಲಲೇ, ಗಾಡಿ ಹೊಡ್ಯಾಂವ."

ಆಮೇಲೆ ಅವನು ಒಂದು ಕೆಲಸ ಮಾಡಿದ. ಮುಂದಿನ ಹಳೇ ಟೈರಿಗೂ ಅದರ ಮೇಲಿನ ತಗಡಿನ ಮಡ್‌ಗಾರ್ಡಿಗೂ ನಡುವೆ ಕೈ ಹಾಕಿದ. ಮೂರು ಬೆರಳು ಸಲೀಸಾಗಿ ಹೋದವು. "ಈ ಹಲ್ಲಿಂದು ದಪ್ಪ ಐತಿ. ಇದನ್ನ ಹಾಕಿದ್ರ ಒಂದ ಬಟ್ಟ ಜಾಗಾ ಉಳಿತೈತಿ. ನೋಡ್ಕೋ."

"ನಾ ಅಲ್ಲಿ ಬಟ್ಟ ಹಾಕಾಂವ ಅಲ್ರಿ," ಅಂದೆ. ಅಂಗಡಿಯಲ್ಲಿದ್ದವರು ನಕ್ಕರು. ಈ ಸಲ ನನ್ನ ಜೊತೆ ಸೇರಿ ನಕ್ಕರು ಅಂತ ನನಗೆ ಖುಷಿ.

ಸಾವುಕಾರರು ಬೇಸತ್ತರು. "ಹೊಡ್ಯಾಂವ ಅವನ. ಅಂವ ಹೇಳಿದ್ದ ಹಾಕ."

ಎಂಟು ದಿನ ನಾನು ರಾಜ. ಡಾಂಬರಿನ ಮೇಲೆ ಟೈರು ಜೇನು ಎದ್ದ ಹಾಗೆ ಗುಂಯ್‌ಗುಡುತ್ತಿತ್ತು. ಇಟ್ಟಂಗಿಹಾಳದ ತಿರುವಿನಲ್ಲಿ ಮುಂದಿನ ಗಾಲಿ ಸ್ವಲ್ಪ ಒಲೆಯುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಮೊದಲ ಮಳೆ ಬಿದ್ದು ವಾರವಾಗಿತ್ತು, ದಾರಿ ಒಣಗಿತ್ತು, ಹೊಲದ ಬದುವಿನ ತುಂಬ ಎಳೆ ಹುಲ್ಲು.

ಆ ಹುಲ್ಲೇ ಕುತ್ತು ತಂತು. ಒಂಬತ್ತನೇ ದಿನ ಬೆಳಿಗ್ಗೆ ತಿಕೋಟಾ ಆಚೆಯ ಕಳ್ಳಕವಟಗಿಗೆ ಹೋದೆ. ಅಲ್ಲಿ ನನ್ನ ಅಕ್ಕನ ಹಟ್ಟಿ. ಮದುವೆಯಲ್ಲಿ ಅಪ್ಪ ಅವಳಿಗೆ ಐದು ಕುರಿ ಕೊಟ್ಟಿದ್ದ. ಅವು ಬೆಳೆದು ಮೂವತ್ತೊಂದಾಗಿದ್ದವು. ಅವಳ ಗಂಡನ ಮನೆಯಲ್ಲಿ ಅವಳದು ಅಂತ ಇದ್ದದ್ದು ಅವಷ್ಟೇ. ನಾನು ಹೋದಾಗ ನಾಲ್ಕು ಕುರಿ ಕಾಲು ಚಾಚಿ ಬಿದ್ದಿದ್ದವು. ಐದನೆಯದು ಸುತ್ತು ತಿರುಗಿ, ಹಲ್ಲು ಕಡಿದು, ನನ್ನ ಕಣ್ಣ ಮುಂದೆಯೇ ಬಿತ್ತು. ಕರುಳುಬೇನೆ. ಎಳೆ ಹುಲ್ಲು ಹೊಟ್ಟೆ ಬಿರಿಯ ಮೇದರೆ ಬರುತ್ತದೆ, ಬಂದರೆ ಹಟ್ಟಿಯನ್ನೇ ಗುಡಿಸುತ್ತದೆ.

"ತಮ್ಮಾ, ನಿನ್ ಗಾಡಿ ಐತಲ್ಲೋ," ಅಂದಳು ಅಕ್ಕ.

ತಿಕೋಟಾದಲ್ಲಿ ದನದ ದವಾಖಾನೆಯ ಕಂಪೌಂಡರ್ ಒಬ್ಬರಿದ್ದರು. ದಪ್ಪ ಆಳು, ಮಂಡಿ ನೋವು, ಕೈಯಲ್ಲಿ ಸದಾ ಛತ್ರಿ. ಅವರ ಹತ್ತಿರ ಲಸಿಕೆ ಇರಲಿಲ್ಲ. "ವಿಜಾಪುರದಾಗ ಸಿಗತೈತಿ. ಬರ್ಫದಾಗ ಇಟ್ಕೊಂಡ ಬರಬೇಕು. ಬಿಸಿ ಆದ್ರ ಅದು ಔಷಧ ಅಲ್ಲ, ನೀರ. ಈಗ ಬ್ಯಾನಿ ಹತ್ತಿದ ಕುರಿ ಉಳ್ಯಂಗಿಲ್ಲ, ಉಳದಾವಕ್ಕ ಲಗೂನ ಚುಚ್ಚಬೇಕು. ನೀ ತಗೊಂಡ ಬಾ, ನಾ ಹಿಂದ ಕುಂದರತೇನಿ."

ವಿಜಾಪುರಕ್ಕೆ ಹಾರಿದೆ. ಕಂಪೌಂಡರ್ ಬರೆದುಕೊಟ್ಟ ಚೀಟಿ ತೋರಿಸಿ ಲಸಿಕೆಯ ಬಾಟಲಿ ಇಸಕೊಂಡೆ. ಬರ್ಫ ಒಡೆಸಿ ಡಬ್ಬಿಯಲ್ಲಿ ತುಂಬಿ, ಸುತ್ತ ಕಟ್ಟಿಗೆ ಹೊಟ್ಟು ಒತ್ತಿದೆ. ಡಬ್ಬಿ ಇಡಲು ಗಾಡಿಯ ಪಕ್ಕದ ಚೀಲದಲ್ಲಿ ಜಾಗ ಸಾಲಲಿಲ್ಲ. ನಟ್ಟು ಬಿಚ್ಚುವ ಪಾನಾಗಳನ್ನು ತೆಗೆದು ಸಾವುಕಾರರ ಕಟ್ಟೆಯ ಮೇಲೆ ಇಟ್ಟೆ. ಇಟ್ಟದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ತಿಕೋಟಾಕ್ಕೆ ವಾಪಸು ಬರುವಾಗ ಡಾಂಬರು ಒದ್ದೆಯಾಗಿತ್ತು. ನಾನಿಲ್ಲದ ಹೊತ್ತಿನಲ್ಲಿ ಅರ್ಧ ತಾಸು ಮಳೆ ಹೊಡೆದು ಹೋಗಿತ್ತು. ಈಗ ಬಿಸಿಲು.

"ಹಿಂಗ ಹಸಿ ಆಗೇತಿ, ಹೋಕ್ಕೈತೇನು?" ಅಂದರು ಕಂಪೌಂಡರ್.

"ಇದಕ್ಕಂತನ ಹಲ್ಲಿನ ಟೈರ ಹಾಕ್ಸೇನ್ರಿ."

ಊರು ದಾಟಿ ಒಂದು ಮೈಲು ಚೆನ್ನಾಗಿಯೇ ಹೋಯಿತು. ಹಲ್ಲು ಮಣ್ಣನ್ನು ಕಚ್ಚಿತು, ನನ್ನ ಎದೆ ಉಬ್ಬಿತು. ಆಮೇಲೆ ಹ್ಯಾಂಡಲ್ ಬಿಗಿಯಾಯಿತು. ಹಲ್ಲು ಕಚ್ಚಿದ ಮಣ್ಣನ್ನು ಬಿಡಲೇ ಇಲ್ಲ. ಹೊತ್ತುಕೊಂಡು ಹೋಗಿ ಮಡ್‌ಗಾರ್ಡಿನ ಕೆಳಗೆ ತುಂಬಿತು. ಮುಂದಿನ ಗಾಲಿ ತಿರುಗುವುದನ್ನೇ ನಿಲ್ಲಿಸಿತು. ಹಿಂದಿನದು ನೂಕುತ್ತಿದೆ, ಮುಂದಿನದು ಎಳೆದ ಕೊರಡಿನ ಹಾಗೆ ಉಜ್ಜಿಕೊಂಡು ಹೋಗುತ್ತಿದೆ. ಇಬ್ಬರೂ ಮೆಲ್ಲಗೆ ಪಕ್ಕಕ್ಕೆ ಮಗುಚಿದೆವು. ಮೊದಲು ಚೀಲದಿಂದ ಡಬ್ಬಿ ತೆಗೆದು ನೋಡಿದೆ, ಬಾಟಲಿ ಒಡೆದಿರಲಿಲ್ಲ.

ಕಂಪೌಂಡರ್ ಎದ್ದು ಧೋತರ ನೋಡಿಕೊಂಡರು. "ನಡೀಪಾ, ನಡಕೋತ ಹೋಗೂಣು. ಎರಡೂವರಿ ಮೈಲ ಐತಿ."

"ಒಂದ ಗಳಿಗಿ ನಿಂದರ್ರಿ. ಈಗ ಬಿಡತೈತಿ."

ಆಗಲೇ ನಡೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕೆದರಿದೆ. ಕೋಲಿನಿಂದ ಕೆದರಿದೆ, ಕೈಯಿಂದ ಕೆದರಿದೆ, ಅವರ ಛತ್ರಿ ಕಸಿದುಕೊಂಡು ಅದರ ತುದಿಯಿಂದ ಕೆದರಿದೆ. ಒಳಗೆ ಒಂದೇ ಬೆರಳಿನ ಜಾಗ. ಹತ್ತು ಮಾರು ಹೋಗುವುದು, ಮತ್ತೆ ತುಂಬುವುದು. ಮತ್ತೆ ಕೆದರುವುದು, ಮತ್ತೆ ಹತ್ತು ಮಾರು. ಛತ್ರಿಯ ತುದಿ ಮುರಿಯಿತು. ಕಂಪೌಂಡರ್ ಅದಕ್ಕೂ ಬೈಯಲಿಲ್ಲ, ಡಬ್ಬಿಯನ್ನು ಧೋತರದ ನೆರಳಲ್ಲಿ ಹಿಡಿದು ನಿಂತಿದ್ದರು. ಡಬ್ಬಿಯ ಕೆಳಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಬೇವಿನ ಗಿಡದ ಕೆಳಗೆ ಒಬ್ಬ ಮುದುಕ ಎತ್ತು ಬಿಟ್ಟುಕೊಂಡು ಕೂತಿದ್ದ. ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಬಂದ.

"ಏನೋ ಯಪ್ಪಾ, ಗಾಡಿ ಹೊಡ್ಯಾಕತ್ತಿಯೋ, ಬಾಂವಿ ತೋಡಾಕತ್ತಿಯೋ?"

"ಸುಮ್ನಿರ ಮುತ್ಯಾ, ನನ್ನ ತಲಿ ಕೆಟ್ಟೈತಿ."

ಅವನು ಬಗ್ಗಿ ಗಾಲಿ ನೋಡಿದ. "ಕುಂಟಿಗೆ ಮಣ್ಣ ಹತ್ತಿದ್ರ ನಾವು ಬಡದ ಕೆಡವತೀವಿ. ಇದಕ್ಕ ಬಡ್ಯಾಕ ಜಾಗಾನ ಇಟ್ಟಿಲ್ಲಲ್ಲೋ. ಆ ತಗಡ ಬಿಚ್ಚಿ ಒಗಿ."

ಪಾನಾ ವಿಜಾಪುರದ ಕಟ್ಟೆಯ ಮೇಲಿತ್ತು.

ಕುಂಟೆಗೆ ಮಣ್ಣು ಹತ್ತುವುದು ನನಗೆ ಗೊತ್ತಿರಲಿಲ್ಲವೇ? ಇದೇ ಮಣ್ಣಿನಲ್ಲಿ ಹುಟ್ಟಿದವನು. ಎರೆ ಮಣ್ಣಿನಲ್ಲಿ ನಡೆದರೆ ಕಾಲಿಗೆ ಎರಡು ಸೇರು ಮಣ್ಣು ಹತ್ತುತ್ತದೆ, ನಿಂತು ಒದರಿ ಮುಂದೆ ಹೋಗುತ್ತೇವೆ. ಅಂಗಡಿಯಲ್ಲಿ ನಿಂತಾಗ ಅದೆಲ್ಲ ತಲೆಯಿಂದ ಹೋಗಿತ್ತು. ಬರೀ ಹಲ್ಲು ಕಂಡಿತ್ತು.

ಗಾಡಿಯನ್ನು ಮುದುಕನ ಹೊಲದಲ್ಲಿ ಕೆಡವಿ ನಡೆದೆವು. ಅಷ್ಟರಲ್ಲಿ ಎರಡು ತಾಸು ಹೋಗಿತ್ತು. ಕಂಪೌಂಡರ್ ನೂರು ಹೆಜ್ಜೆಗೆ ಒಮ್ಮೆ ಮಂಡಿ ಹಿಡಿದು ನಿಲ್ಲುತ್ತಿದ್ದರು. ಅವರನ್ನು ಬಿಟ್ಟು ಓಡಿದರೆ ಚುಚ್ಚುವವರು ಯಾರು? ಅವರ ಜೊತೆ ನಿಂತರೆ ಬರ್ಫ ನಿಲ್ಲುವುದಿಲ್ಲ. ನಿಂತೆ, ನಡೆದೆ, ನಿಂತೆ.

ಹಟ್ಟಿ ಮುಟ್ಟಿದಾಗ ಇನ್ನೂ ಮೂರು ಸತ್ತಿದ್ದವು. ಮಾವ, ಅಕ್ಕನ ಗಂಡ, ಸತ್ತವನ್ನು ಹೂಳಲು ತಗ್ಗು ತೋಡುತ್ತಿದ್ದ. ಕಂಪೌಂಡರ್ ಡಬ್ಬಿ ತೆಗೆದರು. ಬರ್ಫ ಇರಲಿಲ್ಲ. ಬಾಟಲಿ ತೆಗೆದು ಅಂಗೈಯಲ್ಲಿ ಹಿಡಿದರು, ಆಮೇಲೆ ಗಲ್ಲಕ್ಕೆ ಒತ್ತಿಕೊಂಡರು.

"ಇದು ಬೆಚ್ಚಗ ಆಗೇತಿ, ತಂಗೀ."

"ಚುಚ್ರಿ," ಅಂದಳು ಅಕ್ಕ.

"ಚುಚ್ಚಿದ್ರ ನನ್ನ ಕೈಗೆ ಕೆಲಸ ಆದೀತು, ಕುರಿಗೇನೂ ಆಗಂಗಿಲ್ಲವ್ವಾ. ಹಸಿ ಹುಲ್ಲ ಮೇಸಬ್ಯಾಡ್ರಿ. ಹಟ್ಟ್ಯಾಗ ಕೂಡಿ ಹಾಕಿ, ಒಣಾ ಕಣಕಿ ಕೊಡ್ರಿ. ನಾಳೆ ಬ್ಯಾರೆ ತರೂಣು."

"ನನ್ ತಮ್ಮ ಇಷ್ಟ ದೂರ ಹೊತ್ಕೊಂಡ ಬಂದಾನ್ರಿ. ಚುಚ್ರಿ."

ಅವರು ತಲೆ ತಗ್ಗಿಸಿ ಬಾಟಲಿಯನ್ನು ಡಬ್ಬಿಯಲ್ಲಿ ಇಟ್ಟರು. ನಾನು ಅಲ್ಲೇ ನಿಂತಿದ್ದೆ. ಮೊಣಕೈ ತನಕ ಮಣ್ಣು. ಮಾಡಲು ಏನೂ ಇರಲಿಲ್ಲ. ಮಾವನ ಕೈಯಿಂದ ಸಲಿಕೆ ತೆಗೆದುಕೊಂಡು ತಗ್ಗು ತೋಡಿದೆ.

ಮರುದಿನ ವಿಜಾಪುರದಿಂದ ಬಸ್ಸಿನಲ್ಲಿ ಹೊಸ ಬಾಟಲಿ ತಂದು, ತಿಕೋಟಾದಿಂದ ನಡೆದೇ ಹಟ್ಟಿಗೆ ಒಯ್ದೆ, ಕಂಪೌಂಡರನ್ನು ಬಂಡಿಯಲ್ಲಿ ಕರೆಸಿದೆ. ರಾತ್ರಿ ಕಳೆಯುವುದರಲ್ಲಿ ಮತ್ತೆ ಆರು ಹೋಗಿದ್ದವು. ಉಳಿದವಕ್ಕೆ ಚುಚ್ಚಿದರು. ಅದು ಮೈಗೆ ಹತ್ತಲು ಹತ್ತು ದಿನ ಬೇಕಂತೆ. ಆ ಹತ್ತು ದಿನದಲ್ಲಿ ಇನ್ನೂ ಮೂರು ಬಿದ್ದವು. ಒಂದು ದಿನ ಮೊದಲೇ ಚುಚ್ಚಿದ್ದರೆ ಎಷ್ಟು ಉಳಿಯುತ್ತಿದ್ದವು ಅಂತ ಕಂಪೌಂಡರನ್ನು ಕೇಳಿದೆ. "ಯಾಂವ ಹೇಳ್ಯಾನು?" ಅಂದರು. ಇಷ್ಟು ಅಂತ ಒಂದು ಲೆಕ್ಕ ಗಟ್ಟಿಯಾಗಿ ಹೇಳಿದ್ದರೆ ಚೆನ್ನಾಗಿತ್ತು. ಬೈದಿದ್ದರೂ ಚೆನ್ನಾಗಿತ್ತು.

ಮುಂದಿನ ಮಡ್‌ಗಾರ್ಡು ಬಿಚ್ಚಿಸಿ ಒಗೆದೆ. ಟೈರು ಬದಲಿಸುವ ಮಾತು ಎತ್ತುವ ಹಾಗಿರಲಿಲ್ಲ. ಈಗ ಮಳೆಯಾದರೆ ಗಾಲಿ ನಿಲ್ಲುವುದಿಲ್ಲ, ಮಣ್ಣೆಲ್ಲ ನೇರ ನನ್ನ ಮುಖಕ್ಕೆ ಬರುತ್ತದೆ. ಬರಲಿ.

ಎರಡು ವರ್ಷವಾಯಿತು. ಅಕ್ಕನಿಗೆ ಅಂಗಡಿಯವನ ಮೂರು ಬೆರಳು, ಒಂದು ಬೆರಳಿನ ಮಾತು ನಾನು ಹೇಳಿಲ್ಲ. ಮೊನ್ನೆ ಉಣ್ಣೆಗೆ ಹೋದಾಗ ಪಕ್ಕದ ಹಟ್ಟಿಯ ಹೆಂಗಸರು ಕೂತಿದ್ದರು. ಕೆಸರು ಮೆತ್ತಿದ ಮುಖ ನೋಡಿ ಅವರು ಕಿಸಿಕಿಸಿ ನಕ್ಕರು. ಅಕ್ಕ ನೀರು ತಂದಿಟ್ಟು ಅವರಿಗೆ ಹೇಳಿದಳು, "ನಗಬ್ಯಾಡ್ರೇ. ಆ ವರ್ಷ ನನ್ ಕುರಿ ಸಲುವಾಗಿ ಗಾಡಿ ಒಗದು, ಕೆಸರಾಗ ನಡಕೋತ ಔಷಧ ತಂದಾಂವ ಇವನ. ಇವನಿಂದನ ಹದಿನಾಲ್ಕು ಉಳದಾವ."

ನಾನು ತಂಬಿಗೆಯ ನೀರಿನಿಂದ ಮುಖ ತೊಳೆದೆ. ನೀರು ಮುಗಿದ ಮೇಲೂ ತೊಳೆಯುತ್ತಲೇ ಇದ್ದೆ.