ಮೆರವಣಿಗೆಯಲ್ಲಿ ಸುಟ್ಟ ಕ್ಲಚ್

ನನ್ನ ಕಾರು ಕೆಟ್ಟದ್ದು ಮುಪ್ಪಿನಿಂದಲ್ಲ, ಸನ್ಮಾನದಿಂದ.

ರಾಜ್ಯ ಒಂದಾದ ಸಂಭ್ರಮಕ್ಕೆ ನಮ್ಮ ಶಹಾಪುರದಲ್ಲಿ ನಾಯಕರೊಬ್ಬರ ಮೆರವಣಿಗೆ ನಡೆದದ್ದು ಓದುಗರಿಗೆ ನೆನಪಿರಬಹುದು. ಅವರು ನಿಂತು ಕೈಮುಗಿಯುತ್ತ ಸಾಗಿದ ಕಾರು ನನ್ನದು. ಎರಡನೇ ಮಹಾಯುದ್ಧಕ್ಕೆ ಮೊದಲಿನದು, ಮೇಲಿನ ಹೊದಿಕೆಯನ್ನು ಮಡಚಬಹುದಾದದ್ದು. ವಂದನಾರ್ಪಣೆಯಲ್ಲಿ ಮೈಕಿನವರ ಹೆಸರಿತ್ತು, ಶಾಮಿಯಾನದವರ ಹೆಸರಿತ್ತು. ನನ್ನದಿರಲಿಲ್ಲ. (ಕುರ್ಚಿಯೂ ಇರಲಿಲ್ಲ. ಕಂಬಕ್ಕೆ ಒರಗಿ ಕೊನೆಯವರೆಗೂ ಕೇಳಿದೆ.)

ಸ್ವಾಗತ ಸಮಿತಿಯ ಕಾರ್ಯದರ್ಶಿಗಳು ಸ್ಟಿಯರಿಂಗ್ ಹಿಡಿಯಲು ತಮ್ಮ ಭಾವಮೈದುನನನ್ನೇ ಕೂರಿಸಿದ್ದರು. ಬಾಜಾದವರು ನಡೆದಷ್ಟೇ ವೇಗದಲ್ಲಿ ಕಾರು ತೆವಳಬೇಕು. ಆತ ಊರುದ್ದಕ್ಕೂ ಕ್ಲಚ್ ಪೆಡಲನ್ನು ಅರ್ಧ ತುಳಿದೇ ಇಟ್ಟ. ಎಂಜಿನ್ನು ಚಕ್ರದೊಂದಿಗೆ ಪೂರ್ತಿ ಕೂಡಲಿಲ್ಲ, ಪೂರ್ತಿ ಬಿಡಲೂ ಇಲ್ಲ. ನಡುವಿನ ಪ್ಲೇಟು ಸುಟ್ಟುಹೋಯಿತು. (ಏಕೀಕರಣದ ಬಗ್ಗೆ ಅಂದಿನ ಭಾಷಣಗಳಿಗಿಂತ ಆ ವಾಸನೆಯೇ ಹೆಚ್ಚು ಹೇಳುತ್ತಿತ್ತು.) ಸಾಲದ್ದಕ್ಕೆ ಗೇರನ್ನು ಬಲವಂತವಾಗಿ ತುರುಕಿ ಅದರ ಹಲ್ಲನ್ನೂ ಮುರಿದ.

ಕಾರು ಎತ್ತುಗಳ ಹಿಂದೆ ಕಟ್ಟಿಸಿಕೊಂಡು ಮನೆಗೆ ಬಂತು. "ಹಳೀ ಗಾಡಿ, ಏನ್ ಮಾಡ್ಲಿಕ್ಕಾಗ್ತದ್ರಿ" ಎಂದು ಕಾರ್ಯದರ್ಶಿಗಳು ಹೇಳಿಕಳಿಸಿದರು. ಕ್ಷಮೆ ಕೇಳಲು ಇದಕ್ಕಿಂತ ಸುಲಭದ ದಾರಿ ಯಾರಿಗಾದರೂ ಗೊತ್ತಿದೆಯೇ?

ಹಾಗೇ ಬಿಟ್ಟುಬಿಡಬಹುದಿತ್ತು. ಆದರೆ ಸುರಪುರದಲ್ಲಿ ನನ್ನ ಮಗಳು ಚೊಚ್ಚಲ ಬಸುರಿ, ಹೆರಿಗೆಗೆ ಕರೆತರಬೇಕು. ಕಳೆದ ಸಲ ಬಸ್ಸಿನ ಕುಲುಕಾಟಕ್ಕೆ ಅವಳಿಗೆ ನೋವು ಕಾಣಿಸಿಕೊಂಡು, ಇನ್ನು ಬಸ್ಸೂ ಬೇಡ, ಬಂಡಿಯೂ ಬೇಡ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

ಯಾದಗಿರಿಯಿಂದ ಮಿಸ್ತ್ರಿ ಖಾಜಾ ಸಾಹೇಬರನ್ನು ಕರೆಸಿದೆ. ಅವರು ಗೇರ್ ಬಾಕ್ಸ್ ಇಳಿಸಿ, ಎಣ್ಣೆ ಬಸಿದು, ಬಿಚ್ಚಿದ ಗೇರುಗಳನ್ನು ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟರು. ಮುರಿದ ಗೇರಿಗೆ ಬದಲಿ ಹೈದರಾಬಾದಿನ ಗುಜರಿಯಲ್ಲಿ ಸಿಕ್ಕಿತು. ಬೇರಿಂಗ್ ಹೊಸದು. ಉಳಿದದ್ದು ಕ್ಲಚ್ಚಿನ ಪ್ರಶ್ನೆ.

"ವಕೀಲ್ ಸಾಬ್, ಎರಡು ನಮೂನಿ ಪ್ಲೇಟ್ ಅವ," ಎಂದರು ಮಿಸ್ತ್ರಿ. "ಒಂದು ಗಟ್ಟಿ. ಕಾಲ್ ತಗದ್ರ ಗಾಡಿ ಜಿಗೀತದ. ಮೆರವಣಗಿಗೆ ಯಾರೂ ಕೇಳಾಂಗಿಲ್ಲ. ಇನ್ನೊಂದು ಮೆತ್ತಂದು. ಗಾಡಿ ಹೊಂಟಿದ್ದೇ ತಿಳಿಯಾಂಗಿಲ್ಲ. ಆದ್ರ ಅರ್ಧಾ ತುಳಕೊಂಡು ಹೊಡದ್ರ ಲಗೂನ ಸುಡ್ತದ."

"ಗಟ್ಟೀದೇ ಹಾಕ್ರಿ. ಸಮಿತಿಯವ್ರು ಹತ್ತಿದ್ರ ಎಲ್ಲಾರೂ ಹಿಂದಕ್ಕ ಬೀಳ್ಬೇಕು," ಎಂದೆ.

ನನ್ನ ಹೆಂಡತಿ ಒಳಗಿನಿಂದಲೇ ಕೇಳಿದಳು: "ಮೊದಲ ಹತ್ತಾಕಿ ನಿಮ್ಮ ಮಗಳು. ಅಕೀನ್ನೂ ಬೀಳಸ್ತೀರೇನು?"

ಖಾಜಾ ಸಾಹೇಬರು ಗಟ್ಟಿ ಪ್ಲೇಟನ್ನು ಚೀಲದೊಳಗೆ ಹಾಕಿದರು. "ಇದರ ಮ್ಯಾಲ ಅಪೀಲ್ ಇಲ್ಲ, ವಕೀಲ್ ಸಾಬ್."

ಮೆತ್ತನೆಯದೇ ಕೂತಿತು. ಸೋಮವಾರ ಮಗಳನ್ನು ಕರೆತಂದೆ. ಸುರಪುರದ ಇಳಿಜಾರಿನಲ್ಲಿ ಗೇರ್ ಬದಲಿಸಿದ್ದೂ ಅವಳಿಗೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ನಿದ್ದೆ ಮಾಡಿದಳು. ದಿನ ತುಂಬಿವೆ, ಯಾವ ಗಳಿಗೆಯಲ್ಲಾದರೂ ಯಾದಗಿರಿಯ ಆಸ್ಪತ್ರೆಗೆ ಒಯ್ಯಲು ಕಾರು ಸಿದ್ಧವಿರಲಿ ಎಂದಿದ್ದಾರೆ ಡಾಕ್ಟರು.

ಬುಧವಾರ ಕಾರ್ಯದರ್ಶಿಗಳು ಬಂದರು.

"ಗಾಡಿ ಮಸ್ತ್ ಆಗ್ಯಾದಂತಲ್ರಿ. ಐತವಾರ ಇನ್ನೊಬ್ರು ಸಾಹೇಬ್ರು ಬರಾಕತ್ತಾರ. ಬರೇ ಬಸ್ ಸ್ಟ್ಯಾಂಡಿನಿಂದ ಸರಕಾರಿ ಸಾಲಿ ಮೈದಾನದ ತನಕ ಬೇಕಾಗಿತ್ತು."

"ಮನ್ಯಾಗ ಮಗಳು ದಿನ ತುಂಬಿದಾಕಿ ಇದ್ದಾಳ."

"ತಾಸಿನ್ಯಾಗ ತಂದು ನಿಂದರಸ್ತೀವ್ರಿ. ಈ ಸಲ ನಿಮ್ಮ ಹೆಸರೂ ಹೇಳ್ತೀವಿ."

(ಹೆಸರಿನ ಆಸೆ ನನಗಿಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ. ಆದ್ದರಿಂದ ಬರೆಯುವುದಿಲ್ಲ.)

"ಒಯ್ರಿ," ಎಂದೆ. "ಆದ್ರ ಎಂಜಿನ್ ಚಾಲೂ ಮಾಡಾಂಗಿಲ್ಲ, ಕ್ಲಚ್ ಮುಟ್ಟಾಂಗಿಲ್ಲ. ನ್ಯೂಟ್ರಲ್‌ನಾಗ ಇಟ್ಟು ದೂಡಿಕೊಂಡು ಹೋಗ್ರಿ. ನಡುವ ಮಗಳಿಗೆ ಬ್ಯಾನಿ ಬಂದ್ರ ಹೇಳಿಕಳಸ್ತೀನಿ. ಸಾಹೇಬ್ರನ್ನ ಅಲ್ಲೇ ಇಳಿಸಿ ಗಾಡಿ ಕಳಸ್ರಿ."

"ದೂಡೂದಾ? ಅಷ್ಟು ದೂರ ಯಾರು ದೂಡ್ತಾರ್ರಿ?" ಎನ್ನುತ್ತ ಅವರು ಎದ್ದರು. ಚಹಾ ಕುಡಿಯಲೂ ನಿಲ್ಲಲಿಲ್ಲ.

ಕಾರು ಅಂಗಳದಲ್ಲೇ ಇದೆ. ನನ್ನದು ಒಂದೇ ಸಂದೇಹ: ಊರಿಗೆ ಊರೇ ಪ್ರೀತಿಸುವ ನಾಯಕರನ್ನು ದೂಡಲು ನಾಲ್ಕು ಜನ ಸಿಗುವುದಿಲ್ಲವೇ?